ಬಣ್ಣ ಬಳಿಯದೆ ಹಳೇ ಫೈಬರ್ ಬೋಟಿಗೆ ಹೊಳಪು ಬಂತು

ಕಳೆದ ವಾರ ಜೆಟ್ಟಿಯಲ್ಲಿ ಮೂರು ಜನ ಒಂದೇ ಮಾತು ಕೇಳಿದರು. ‘ಎಂತ ಪೇಂಟ್ ಹೊಡೆಸಿದ್ದೆ ಮಾರಾಯ?’ ಪೇಂಟ್ ಹೊಡೆಸಿಲ್ಲ. ಈಗ ಕಾಣುತ್ತಿರುವುದು ಬೋಟು ಅಚ್ಚಿನಿಂದ ಹೊರಗೆ ಬಂದಾಗ ಇದ್ದ ಅದೇ ಜೆಲ್‌ಕೋಟ್, ಅಂದರೆ ಫೈಬರಿನ ಮೇಲಿನ ಬಣ್ಣದ ಗಟ್ಟಿ ಪದರ. ಹೇಳಿದರೆ ಒಬ್ಬರೂ ನಂಬಲಿಲ್ಲ. ಹಾಗಾಗಿ ಮಾಡಿದ್ದನ್ನು ಮಾಡಿದ ಹಾಗೆ ಬರೆದಿಡುತ್ತಿದ್ದೇನೆ.

ನನ್ನದು 22 ಅಡಿಯ ಬೋಟು. ಹೊನ್ನಾವರದಲ್ಲಿ ಶರಾವತಿ ಹೊಳೆಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕಡೆಗೆ, ಅಳಿವೆಯ ಕಡೆಗೆ ಓಡಿಸುತ್ತೇನೆ. 2019ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಆಗಲೇ ಅದಕ್ಕೆ ಏಳೆಂಟು ವರ್ಷ ಆಗಿತ್ತು. ಬಿಳಿ ಬಣ್ಣ ಬಿಸಿಲಿಗೆ ಸತ್ತು, ಕೈ ಸವರಿದರೆ ಅಂಗೈಗೆ ಸೀಮೆಸುಣ್ಣದ ಪುಡಿ ಅಂಟುತ್ತಿತ್ತು. ಅದರ ಮೇಲೆ ಗೀರು. ಚಿರೇಕಲ್ಲಿನ ಮೆಟ್ಟಿಲಿಗೆ ಉಜ್ಜಿದ್ದು, ಮರಳು ದಿಬ್ಬದ ಮೇಲೆ ಹತ್ತಿಸಿದ್ದು, ಪಕ್ಕದ ಬೋಟಿನ ಟೈರಿನಿಂದ ಹೊರಬಂದ ತಂತಿ ಎಳೆದದ್ದು. ಮೂತಿಯ ಎಡಗಡೆ ಒಂದೂವರೆ ಅಡಿ ಉದ್ದದ ಒಂದು ಗಾಯ ಇತ್ತು. ಅದರೊಳಗೆ ಮ್ಯಾಟ್, ಅಂದರೆ ಕೆಳಗಿನ ಗಾಜಿನ ನಾರಿನ ಹಾಸು, ಕಾಣುತ್ತಿತ್ತು.

ಮೊದಲು ಎಲ್ಲರ ಹಾಗೆ ನಾನೂ ಪೇಂಟ್ ಮಾಡಿಸಿದೆ. 2021ರಲ್ಲಿ. ಪೇಂಟರ್ ಗೀರುಗಳಿಗೆ ಕಾರಿಗೆ ಹಾಕುವ ಪುಟ್ಟಿ ತುಂಬಿ, ಮೇಲೆ ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆದ. 34,000 ಕೊಟ್ಟೆ. ಮೊದಲ ತಿಂಗಳು ಮದುವೆ ಬೋಟಿನ ಹಾಗೆ ಕಾಣುತ್ತಿತ್ತು. ನಾಲ್ಕನೇ ತಿಂಗಳಿಗೆ ನೀರಿನ ಗೆರೆಯ ಕೆಳಗೆ ಬೊಬ್ಬೆ ಎದ್ದಿತು. ಉಗುರಿನಲ್ಲಿ ಕೆದಕಿದರೆ ಪುಟ್ಟಿ ನೆನೆದ ಅವಲಕ್ಕಿಯ ಹಾಗೆ ಬೆರಳಿಗೆ ಬಂತು. ಆ ಪುಟ್ಟಿಯಲ್ಲಿ ಇರುವುದು ಜಾಸ್ತಿ ಟಾಲ್ಕ್ ಪುಡಿ. ಅದು ನೀರು ಕುಡಿಯುತ್ತದೆ. ದಿನವಿಡೀ ನೀರಿನಲ್ಲೇ ಇರುವ ಬೋಟಿಗೆ ಅದು ಆಗುವುದಿಲ್ಲ. ನೀರಿನ ಗೆರೆಯ ಮೇಲೆ ಪೇಂಟ್ ಬೇರೆ ರೀತಿ ಹೋಯಿತು, ಹಾಳೆ ಹಾಳೆಯಾಗಿ. ಕೆಳಗಿನ ಪುಡಿಯನ್ನು ಸರಿಯಾಗಿ ತೆಗೆಯದೆ ಹೊಡೆದಿದ್ದರು. ಪುಡಿಯ ಮೇಲೆ ಪೇಂಟ್ ಎಷ್ಟು ದಿನ ನಿಂತೀತು? ಆ 34,000 ಎರಡು ಸೀಸನ್ನೂ ಬಾಳಲಿಲ್ಲ.

ಆಗಲೇ ತೀರ್ಮಾನ ಮಾಡಿದೆ, ಇನ್ನು ಪೇಂಟ್ ಇಲ್ಲ. ಜೆಲ್‌ಕೋಟ್ ಅಂದರೆ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಪದರ. ಸತ್ತಿರುವುದು ಮೇಲಿನ ಚೂರು ಮಾತ್ರ. ಅದನ್ನು ತೆಗೆದರೆ ಕೆಳಗೆ ಜೀವ ಇರುವ ಜೆಲ್‌ಕೋಟ್ ಇರಲೇಬೇಕು. ಗೀರಿಗೂ ಜೆಲ್‌ಕೋಟನ್ನೇ ತುಂಬಬೇಕು. ಹೇಳುವುದು ಸುಲಭ. ಮಾಡಲು ಮೂರು ವರ್ಷ ಬೇಕಾಯಿತು.

2022ರ ಮಳೆಗಾಲದಲ್ಲಿ ಕೈ ಹಾಕಿದೆ. ಜೂನ್, ಜುಲೈ ಎಲ್ಲರ ಬೋಟೂ ದಡದಲ್ಲೇ ಇರುತ್ತದೆ, ಕೆಲಸಕ್ಕೆ ಅದೇ ಸಮಯ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಟಾರ್ಪಾಲ್ ಕಟ್ಟಿ, ಸಂಜೆ ಬಲ್ಬ್ ಉರಿಸಿ, ಗೀರಿಗೆ ಜೆಲ್‌ಕೋಟ್ ತುಂಬಿದೆ. ಎರಡು ದಿನ ಆದರೂ ಅಂಟು ಅಂಟು. ಮೂರನೇ ದಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಹಾಕಿದರೆ ಪೇಪರಿಗೇ ಮೆತ್ತಿಕೊಂಡಿತು. ಗಟ್ಟಿಯಾಗಲು ಬೆರೆಸುವ ಕ್ಯಾಟಲಿಸ್ಟ್ ಕಮ್ಮಿ ಆಯಿತೇನೋ ಅಂತ ಮುಂದಿನ ಸಲ ಅಳತೆಯಿಲ್ಲದೆ ಸುರಿದೆ. ಕಲೆಸಿದ ಕಪ್ ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾಗಿ, ಒಳಗಿದ್ದದ್ದು ಹಳದಿಯಾಗಿ ಬಿರುಕು ಬಿಟ್ಟಿತು. ಬೋಟಿಗೆ ಹಚ್ಚಿದ್ದೂ ಹಾಗೇ ಬಿರಿಯಿತು. ಎಲ್ಲವನ್ನೂ ಕೆರೆದು ತೆಗೆಯಲು ನಾಲ್ಕು ದಿನ ಹಿಡಿಯಿತು. ಜೆಲ್‌ಕೋಟ್ ಡಬ್ಬವೂ ಹಳೇ ಸ್ಟಾಕ್ ಇತ್ತು ಅನ್ನೋದು ಆಮೇಲೆ ಗೊತ್ತಾಯಿತು. ತಳದಲ್ಲಿ ಗಟ್ಟಿ ಜೆಲ್ಲಿ. ಈಗ ಅಂಗಡಿಯಲ್ಲೇ ಮುಚ್ಚಳ ತೆಗೆಸಿ, ಕೋಲು ಹಾಕಿ ತಿರುಗಿಸಿ ನೋಡದೆ ದುಡ್ಡು ಕೊಡುವುದಿಲ್ಲ.

ಅಂಟು ಯಾಕೆ ಅಂತ ನಿಮಗೆ ಗೊತ್ತೇ ಇದೆ. ಜೆಲ್‌ಕೋಟ್ ಮೇಲ್ಮೈಗೆ ಗಾಳಿ ತಾಗಿದರೆ ಅದು ಪೂರ್ತಿ ಗಟ್ಟಿಯಾಗುವುದಿಲ್ಲ. ಅಚ್ಚಿನಲ್ಲಿ ಆ ಮುಖ ಅಚ್ಚಿಗೇ ಅಂಟಿಕೊಂಡಿರುವುದರಿಂದ ತೊಂದರೆ ಇಲ್ಲ. ರಿಪೇರಿಯಲ್ಲಿ ಗಾಳಿಗೆ ತೆರೆದಿರುತ್ತದೆ. ಮೇಣದ ಸಲ್ಯೂಷನ್ ಬೆರೆಸಿದರೆ ಅದು ಮೇಲೆ ತೇಲಿ ಮುಚ್ಚಿಕೊಳ್ಳುತ್ತದೆ ಅನ್ನುತ್ತಾರೆ. ನಮ್ಮ ಕಡೆ ಅಂಗಡಿಯಲ್ಲಿ ಸಿಗಲಿಲ್ಲ. ನಾನೇ ಮೇಣದ ಬತ್ತಿಯ ಚೂರನ್ನು ಸ್ಟೈರೀನಿಗೆ (ಜೆಲ್‌ಕೋಟ್ ತೆಳು ಮಾಡುವ ದ್ರವ) ಹಾಕಿ, ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಕರಗಿಸಿದೆ. ಒಲೆ ಆರಿಸಿದ ಮೇಲೆ, ಅಂಗಳದಲ್ಲಿ. ಬೆಂಕಿಯ ಹತ್ತಿರ ಸ್ಟೈರೀನ್ ಒಯ್ಯಬೇಡಿ. ಅರ್ಧ ಕೆಲಸ ಆಯಿತು. ಕೆಲವು ಕಡೆ ಗಟ್ಟಿ, ಕೆಲವು ಕಡೆ ಅಂಟು. ಎರಡನೇ ಪದರ ಹಾಕಿದರೆ ಕೆಳಗಿನ ಮೇಣದ ಮೇಲೆ ಅದು ಹಿಡಿಯಲೇ ಇಲ್ಲ. ಆ ದಾರಿ ಅಲ್ಲಿಗೆ ಬಿಟ್ಟೆ.

ಕೊನೆಗೆ ಕೈ ಹಿಡಿದದ್ದು ಅಮ್ಮನ ಮೊಣಕಾಲಿನ ಎಕ್ಸ್‌ರೇ. ಪ್ಲಾಸ್ಟಿಕ್ ಕವರ್ ಮುಚ್ಚಿ ನೋಡಿದ್ದೆ. ಅದು ಸುಕ್ಕಾಗುತ್ತದೆ, ಸುಕ್ಕು ಜೆಲ್‌ಕೋಟಿನಲ್ಲೂ ಉಳಿಯುತ್ತದೆ. ಸ್ವಲ್ಪ ಬಿಗಿ ಇರುವ, ಬಾಗುವ, ಸ್ಟೈರೀನಿಗೆ ಕರಗದ ಹಾಳೆ ಬೇಕಿತ್ತು. ಹಳೇ ಎಕ್ಸ್‌ರೇ ಹಾಳೆ ಪಾಲಿಯೆಸ್ಟರ್. ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಹಾಕಿಟ್ಟು ಉಜ್ಜಿದರೆ ಮೇಲಿನ ಕಪ್ಪು ಲೋಳೆ ಪೂರ್ತಿ ಹೋಗಿ, ಗಾಜಿನ ಹಾಗೆ ಆರುಪಾರು ಕಾಣುವ ಹಾಳೆ ಉಳಿಯುತ್ತದೆ. ಗೀರಿಗೆ ಜೆಲ್‌ಕೋಟ್ ಸ್ವಲ್ಪ ಉಬ್ಬುವಷ್ಟು ತುಂಬಿ, ಹಾಳೆಯ ಒಂದು ಅಂಚಿಗೆ ಟೇಪ್ ಹಾಕಿ, ಅಲ್ಲಿಂದ ನಿಧಾನಕ್ಕೆ ಬೆರಳಿನಿಂದ ಒತ್ತುತ್ತಾ ಹೋಗಬೇಕು. ಒಳಗಿನ ಗಾಳಿಗುಳ್ಳೆ ಆಚೆ ಅಂಚಿಗೆ ಓಡುವುದು ಕಣ್ಣಿಗೇ ಕಾಣುತ್ತದೆ. ಪೂರ್ತಿ ಓಡಿಸಿ ಟೇಪ್ ಹಾಕಿದರೆ ಮುಗಿಯಿತು. ಮರುದಿನ ಹಾಳೆ ಎಳೆದರೆ ಟಪ್ ಅಂತ ಬಿಟ್ಟುಕೊಂಡು ಬರುತ್ತದೆ. ಕೆಳಗೆ ಜೆಲ್‌ಕೋಟ್ ಗಟ್ಟಿ, ಮಟ್ಟ, ಆಗಲೇ ಹೊಳಪು. ಮೊದಲ ಸಲ ಹಾಗೆ ಬಂದಾಗ ಅಮ್ಮನನ್ನು ಅಂಗಳಕ್ಕೆ ಕರೆದು ತೋರಿಸಿದೆ.

ಇನ್ನೊಂದು ತಿದ್ದುಪಡಿ ಸಮಯದ್ದು. ಮಳೆಗಾಲದಲ್ಲಿ ಈ ಕೆಲಸ ಬೇಡ. ನನ್ನ ಅಪ್ಪ ಮರದ ಪಾತಿದೋಣಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚುತ್ತಿದ್ದರು. ಅದಕ್ಕೆ ಮೊದಲು ದೋಣಿಯನ್ನು ಕವುಚಿ ಹಾಕಿ, ಬಡಗಣ ಗಾಳಿ ಬೀಸುವ ದಿನಗಳಲ್ಲಿ ಒಣಗಿಸುತ್ತಿದ್ದರು. ‘ಒಣಗದ ದೋಣಿಗೆ ಏನು ಹಚ್ಚಿದರೂ ಹೊಳೆಗೆ ಹಚ್ಚಿದಂಗೆ’ ಅನ್ನುತ್ತಿದ್ದರು. ಫೈಬರಿಗೂ ಅದೇ ಸರಿ. ಗಾಯದೊಳಗಿನ ಮ್ಯಾಟ್ ನೀರು ಹೀರಿಕೊಂಡಿರುತ್ತದೆ. ಹಾಗಾಗಿ 2024ರ ಫೆಬ್ರವರಿಯಲ್ಲಿ, ನಡು ಸೀಸನ್ನಿನಲ್ಲಿ ಬೋಟು ಮೇಲಕ್ಕೆ ಎಳೆಸಿದೆ. ಜೆಟ್ಟಿಯವರು ಸುಮ್ಮನಿರಲಿಲ್ಲ. ‘ದುಡಿಯೋ ಟೈಮಲ್ಲಿ ಬೋಟು ಮೇಲೆ ಹಾಕ್ತ್ಯಾ? ಸೆಪ್ಟೆಂಬರಲ್ಲಿ ಪೇಂಟ್ ಹೊಡಿ ಸಾಕು’ ಅಂದರು. ಒಂಬತ್ತು ದಿನ ಟ್ರಿಪ್ ಹೋಯಿತು. ನನ್ನ ಲೆಕ್ಕದಲ್ಲಿ 14,000 ರೂಪಾಯಿ ಆಸುಪಾಸು. ವಾರದ ದಿನಗಳನ್ನೇ ನೋಡಿಕೊಂಡು ಶುರು ಮಾಡಿದ್ದರಿಂದ ಅಷ್ಟಕ್ಕೇ ನಿಂತಿತು. ನಡುವೆ ಒಂದೇ ಶನಿವಾರ, ಭಾನುವಾರ ಸಿಕ್ಕಿಕೊಂಡಿತು.

ಕೆಲಸಕ್ಕೆ ನಾನು ಮತ್ತು ಅಕ್ಕನ ಮಗ, ಇಬ್ಬರೇ. ಮೊದಲ ದಿನ ಹಳೇ ಪೇಂಟಿನ ಚೂರುಗಳನ್ನು ತೆಗೆದು, ಸೋಪು ನೀರಿನಲ್ಲಿ ತೊಳೆದು, ಬಟ್ಟೆಗೆ ಅಸಿಟೋನ್ ಹಾಕಿ ಒರೆಸಿದೆವು. ಒಂದು ಬಟ್ಟೆಯಲ್ಲಿ ಒರೆಸಿ, ಇನ್ನೊಂದು ಒಣ ಬಟ್ಟೆಯಲ್ಲಿ ತಕ್ಷಣ ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಕೊಳೆ ಅಲ್ಲೇ ಹರಡುತ್ತದೆ. ಆಮೇಲೆ ಉಗುರಿನ ಪರೀಕ್ಷೆ. ಗೀರಿಗೆ ಅಡ್ಡವಾಗಿ ಉಗುರು ಎಳೆದು ನೋಡಿದೆ. ಉಗುರು ಸಿಕ್ಕಿಕೊಂಡರೆ ತುಂಬುವುದು, ಜಾರಿ ಹೋದರೆ ಉಜ್ಜುವುದು. ತುಂಬಬೇಕಾದ್ದಕ್ಕೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿದೆ. ಮೂವತ್ತೆಂಟೋ ನಲವತ್ತೋ ಆಯಿತು. ಕೂದಲೆಳೆಯಂಥ ಬಿರುಕುಗಳನ್ನು ಹಾಗೇ ತುಂಬಲು ಹೋಗಬೇಡಿ. ಜೆಲ್‌ಕೋಟ್ ಒಳಗೆ ಇಳಿಯುವುದೇ ಇಲ್ಲ. ಬಾಯಿ ಅಗಲ ಮಾಡಿ, ಇಂಗ್ಲಿಷಿನ ವಿ ಆಕಾರಕ್ಕೆ ಕೊರೆದುಕೊಂಡರೆ ಮಾತ್ರ ಹಿಡಿಯುತ್ತದೆ.

ಮೂತಿಯ ಗಾಯವನ್ನು ಗ್ರೈಂಡರಿನಲ್ಲಿ ಬಿಡಿಸಿದಾಗ ಮ್ಯಾಟಿನಿಂದ ನೀರು ಜಿನುಗಿತು. ಮೂರು ದಿನ ತೆರೆದಿಟ್ಟೆ. ಹಗಲು ಬಿಸಿಲು, ರಾತ್ರಿ ಹತ್ತಿರದಲ್ಲಿ ಒಂದು ಹಳೇ ಬಲ್ಬ್. ಸಂಜೆ ಅದರ ಮೇಲೆ ಪ್ಲಾಸ್ಟಿಕ್ ಚೂರು ಟೇಪ್ ಮಾಡಿ, ಬೆಳಿಗ್ಗೆ ಒಳಗಡೆ ಮಂಜು ಹಿಡಿದಿದೆಯಾ ಅಂತ ನೋಡುತ್ತಿದ್ದೆ. ನಾಲ್ಕನೇ ಬೆಳಿಗ್ಗೆ ಪ್ಲಾಸ್ಟಿಕ್ ಒಣಗಿತ್ತು. ಅಂಚುಗಳನ್ನು ಇಳಿಜಾರು ಮಾಡಿ, 450ರ ಮ್ಯಾಟ್ (ಚದರ ಮೀಟರಿಗೆ 450 ಗ್ರಾಂ ತೂಗುವುದು) ಎರಡು ತುಂಡು, ಒಂದಕ್ಕಿಂತ ಒಂದು ದೊಡ್ಡದು, ನಾರನ್ನು ಅಂಟಿಸುವ ರೆಸಿನ್ ಹಾಕಿ ಕೂರಿಸಿದೆ. ಅದು ಗಟ್ಟಿಯಾದ ಮೇಲೆ ಉಜ್ಜಿ, ಸುತ್ತಲಿನ ಮಟ್ಟಕ್ಕಿಂತ ಸ್ವಲ್ಪ ತಗ್ಗು ಮಾಡಿ, ಮೇಲೆ ಜೆಲ್‌ಕೋಟ್.

ಬಣ್ಣ ಕೂಡಿಸುವುದಕ್ಕೆ ಒಂದೂವರೆ ದಿನ ಹೋಯಿತು. ಅದಕ್ಕೆ ಬೇಸರ ಇಲ್ಲ. ನನ್ನ ಬೋಟು ಹಾಲು ಬಿಳಿ ಅಲ್ಲ. ಅಂಗಡಿಯ ಬಿಳಿ ಹಚ್ಚಿದರೆ ತೇಪೆ ಹಾಕಿದಂತೆ ಕಾಣುತ್ತದೆ. ಮೊದಲು ಒಂದು ಅಂಗೈ ಜಾಗವನ್ನು 1000 ನಂಬರಿನ ವಾಟರ್ ಪೇಪರಿನವರೆಗೆ (ನಂಬರ್ ಹೆಚ್ಚಾದಷ್ಟೂ ನಯ) ಉಜ್ಜಿ ಪಾಲಿಶ್ ಮಾಡಿ, ಅದಕ್ಕೆ ಹೋಲಿಸಬೇಕು. ಸತ್ತ ಪುಡಿ ಬಣ್ಣಕ್ಕೆ ಹೋಲಿಸಿದರೆ ಕೆಲಸ ಮುಗಿದ ಮೇಲೆ ಬಣ್ಣ ತಪ್ಪುತ್ತದೆ. ಹಸಿ ಜೆಲ್‌ಕೋಟಿನ ಬಣ್ಣವನ್ನೂ ನಂಬಬೇಡಿ. ನಾನು ಪ್ರತಿ ಸಲ ಚೂರು ತೆಗೆದು, ಕ್ಯಾಟಲಿಸ್ಟ್ ಹಾಕಿ, ಎಕ್ಸ್‌ರೇ ಹಾಳೆಯ ಚೂರಿನ ಮೇಲೆ ಗಟ್ಟಿ ಮಾಡಿಸಿ, ಬೋಟಿಗೆ ಒತ್ತಿ ಹಿಡಿದು ನೋಡಿದೆ. ಬಿಸಿಲಿನಲ್ಲಿ ಒಂದು ಸಲ, ನೆರಳಿನಲ್ಲಿ ಒಂದು ಸಲ. ಹನ್ನೊಂದನೇ ಚೂರು ಕೂಡಿತು. ಬಿಳಿಗೆ ಹಳದಿ ಪಿಗ್ಮೆಂಟ್ ಕಡ್ಡಿ ತುದಿಯಷ್ಟು, ಕಪ್ಪು ಅದಕ್ಕಿಂತಲೂ ಕಮ್ಮಿ. ಮೂರನೆಯದು ಒಂದಿದೆ. ಅದು ಹಾಕಿದ ಮೇಲೇ ಬಣ್ಣ ಸರಿ ಕೂತದ್ದು. ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ನನ್ನ ಹತ್ತು ಚೂರು ಹಾಳಾಗಿ ಸಿಕ್ಕಿದ್ದು ಅದು.

ಅಳತೆಗೆ ಮೆಡಿಕಲ್ ಅಂಗಡಿಯ ಸೂಜಿ ಇಲ್ಲದ ಸಿರಿಂಜ್ ಇಟ್ಟುಕೊಂಡೆ. 100 ಗ್ರಾಂ ಜೆಲ್‌ಕೋಟಿಗೆ ಒಂದೂವರೆ ಮಿಲಿ ಕ್ಯಾಟಲಿಸ್ಟ್. ಮಧ್ಯಾಹ್ನದ ಬಿಸಿಯಲ್ಲಿ ಇನ್ನೂ ಸ್ವಲ್ಪ ಕಮ್ಮಿ. ಗಟ್ಟಿಯಾಗುವುದನ್ನು ಚುರುಕು ಮಾಡುವ ಕೋಬಾಲ್ಟ್ ಮೊದಲೇ ಜೆಲ್‌ಕೋಟಿನಲ್ಲಿ ಪೂರ್ತಿ ಬೆರೆತಿರಬೇಕು. ಅದೂ ಕ್ಯಾಟಲಿಸ್ಟೂ ನೇರವಾಗಿ ಒಂದಕ್ಕೊಂದು ತಾಗಲೇಬಾರದು. ನಿಮಗೆ ಗೊತ್ತಿರುವ ವಿಷಯವೇ, ಆದರೂ ಹೇಳುತ್ತೇನೆ. ನಮ್ಮ ಹುಡುಗ ಕೋಬಾಲ್ಟ್ ಅಳೆದ ಮುಚ್ಚಳಕ್ಕೇ ಕ್ಯಾಟಲಿಸ್ಟ್ ಬಗ್ಗಿಸಲು ಹೋಗಿದ್ದ. ನಾನು ಕೈ ಹಿಡಿದುಕೊಂಡೆ. ಒಂದು ಕ್ಷಣ ತಡವಾಗಿದ್ದರೆ ಮುಖಕ್ಕೆ ಸಿಡಿಯುತ್ತಿತ್ತು. ಅವತ್ತಿನಿಂದ ಎರಡೂ ಬಾಟಲಿ ಅಂಗಳದ ಎರಡು ಮೂಲೆಯಲ್ಲಿ. ಕಣ್ಣಿಗೆ ಕನ್ನಡಕ ಇಲ್ಲದೆ ಕ್ಯಾಟಲಿಸ್ಟ್ ಮುಟ್ಟುವುದಿಲ್ಲ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.

ತುಂಬುವ ಕೆಲಸ ಬೆಳಿಗ್ಗೆ ಹತ್ತರ ಮೇಲೆ, ಇಬ್ಬನಿ ಪೂರ್ತಿ ಆರಿದ ಮೇಲೆ ಶುರು. ನೇರ ಬಿಸಿಲಿನಲ್ಲಿ ತುಂಬಿದರೆ ಸೂಜಿ ತೂತಿನಂಥ ಗುಳ್ಳೆ ಏಳುತ್ತದೆ. ಅದಕ್ಕೆ ಬೋಟನ್ನು ತೆಂಕು ಬಡಗಾಗಿ ಇಟ್ಟೆ. ಮಧ್ಯಾಹ್ನದ ಮೊದಲು ಪಡುವಣ ಮಗ್ಗುಲು, ಮಧ್ಯಾಹ್ನದ ಮೇಲೆ ಮೂಡಣ ಮಗ್ಗುಲು. ಯಾವಾಗಲೂ ನೆರಳಿನ ಕಡೆ. ಮೂರು ಗಂಟೆಯ ಮೇಲೆ ಹೊಸ ಕಪ್ ಜೆಲ್‌ಕೋಟ್ ಕಲೆಸಲೇ ಇಲ್ಲ.

ಇನ್ನು ಉಜ್ಜುವುದು. ತುಂಬಿದ ಜಾಗಗಳಿಗೆ 220ರಿಂದ, ಉಳಿದ ಬೋಟಿಗೆ 600ರಿಂದ, ತೀರಾ ಸತ್ತ ಕಡೆ 400ರಿಂದ ಶುರು ಮಾಡಿದೆವು. ಆಮೇಲೆ 800, 1000, 1500. ಪೇಪರ್ ಸುತ್ತಲು ಹಳೇ ಹವಾಯಿ ಚಪ್ಪಲಿಯ ತುಂಡು. ಅಂಗಡಿಯ ರಬ್ಬರ್ ಬ್ಲಾಕಿಗಿಂತ ಅದು ಬೋಟಿನ ಬಾಗಿಗೆ ಚೆನ್ನಾಗಿ ಕೂರುತ್ತದೆ. ಬಕೆಟ್ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು. ಒಂದು ನಂಬರ್ ಅಡ್ಡ ಉಜ್ಜಿದರೆ ಮುಂದಿನದು ಉದ್ದ. ಆಗ ಹಿಂದಿನ ನಂಬರಿನ ಗೆರೆ ಹೋಯಿತಾ ಇಲ್ಲವಾ ಕಾಣುತ್ತದೆ.

ಹರಿದು ಬರುವ ನೀರನ್ನು ನೋಡುತ್ತಲೇ ಇರಬೇಕು. ಮೊದಲು ಹಳದಿ ಮಿಶ್ರಿತ ಕೊಳೆ ನೀರು, ಅದು ಸತ್ತ ಜೆಲ್‌ಕೋಟ್. ಸ್ವಲ್ಪ ಹೊತ್ತಿಗೆ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ ಇಳಿಯುತ್ತದೆ. ಅಲ್ಲಿ ನಂಬರ್ ಬದಲಿಸಬೇಕು. ಬಿಳಿಯ ಕೆಳಗೆ ಎಲ್ಲಾದರೂ ಹಸಿರು ಛಾಯೆ ಕಂಡರೆ ಜೆಲ್‌ಕೋಟ್ ಮುಗಿಯಿತು, ಅದು ರೆಸಿನ್. ಅಲ್ಲಿಂದ ಕೈ ತೆಗೆಯಬೇಕು. ನನಗೆ ಉಜ್ಜುವಾಗ ಎಲ್ಲೂ ಹಾಗಾಗಲಿಲ್ಲ. ಹೊಳಪು ಕೊಡುವ ಬಫಿಂಗ್ ಮಷಿನ್ನಿನಲ್ಲಿ ಆಯಿತು. ಕೆಳಗಿನ ಅಂಚಿನಲ್ಲಿ ಒಂದೇ ಕಡೆ ಜಾಸ್ತಿ ಹೊತ್ತು ನಿಲ್ಲಿಸಿದೆ, ನಾಲ್ಕು ಬೆರಳು ಉದ್ದ ಸುಟ್ಟು ಹಸಿರು ಕಂಡಿತು. ಮತ್ತೆ ಜೆಲ್‌ಕೋಟ್, ಮತ್ತೆ ಎಕ್ಸ್‌ರೇ ಹಾಳೆ, ಮತ್ತೆ 220ರಿಂದ. ಈಗ ಅಂಚುಗಳಿಗೆಲ್ಲ ಮೊದಲೇ ಟೇಪ್ ಹಾಕಿ, ಕೊನೆಗೆ ಕೈಯಲ್ಲೇ ಪಾಲಿಶ್ ಮಾಡುತ್ತೇನೆ.

ಆರನೇ ದಿನ ಹುಡುಗ ಹೇಳಿದ, ‘ಮಾವ, ಕೈ ಎತ್ತೋಕೇ ಆಗ್ತಿಲ್ಲ. ಬಲಗಡೆ ಎಂಟುನೂರು ಬಿಟ್ಟು ಸಾವಿರಕ್ಕೆ ಹೋಗೋಣ.’ ನನಗೂ ಸಾಕಾಗಿತ್ತು, ಒಪ್ಪಿದೆ. ಕಾಂಪೌಂಡ್ (ಪಾಲಿಶ್ ಪೇಸ್ಟ್) ಹಾಕಿ ಬಫ್ ಮಾಡಿದ ಮೇಲೆ ಬೆಳಗಿನ ಓರೆ ಬಿಸಿಲಿನಲ್ಲಿ ಆ ಮಗ್ಗುಲಿನ ತುಂಬಾ ಜೇಡರ ಬಲೆ. ಬಿಟ್ಟ ನಂಬರಿನ ಗೆರೆಗಳೆಲ್ಲ ಒಳಗೇ ಕೂತಿದ್ದವು. ಎಂಟು ಅಡಿ ಜಾಗ ಮತ್ತೆ 800ರಿಂದ ಮಾಡಿದೆವು. ಅರ್ಧ ದಿನ ಉಳಿಸಲು ಹೋಗಿ ಒಂದು ದಿನ ಹೋಯಿತು.

ನೀರಿನ ಗೆರೆಯ ಕೆಳಗೆ ಇಷ್ಟೆಲ್ಲ ಬೇಕಿಲ್ಲ. ಗಾಯ ತುಂಬಿ, 220ಕ್ಕೆ ನಿಲ್ಲಿಸಿ, ಚಿಪ್ಪು ಹಿಡಿಯದ ಪೇಂಟ್ ಹೊಡೆದೆ. ನುಣ್ಣಗೆ ಪಾಲಿಶ್ ಮಾಡಿದ ಜಾಗಕ್ಕೆ ಅದು ಅಂಟುವುದೂ ಇಲ್ಲ.

ನಡುನಡುವೆ ಬೇರೆ ಏನೇನೋ ಮಾಡಿ ನೋಡಿದ್ದೇನೆ. ಒಂದು ಮೊಳ ಜಾಗಕ್ಕೆ ತೆಂಗಿನೆಣ್ಣೆ ಹಚ್ಚಿದೆ. ಹತ್ತು ದಿನ ಫಳಫಳ ಅಂದಿತು, ಆಮೇಲೆ ಧೂಳು ಕೂತು ಕಪ್ಪು ಬೂಸ್ಟು ಹಿಡಿಯಿತು. ಟೂತ್‌ಪೇಸ್ಟ್ ಸಣ್ಣ ಗೀರಿಗೆ ಕೆಲಸ ಮಾಡುತ್ತದೆ, ಅಂಗೈ ಜಾಗಕ್ಕೆ ಅರ್ಧ ಟ್ಯೂಬ್ ಬೇಕು, ಅಷ್ಟೇ. ಅಪ್ಪನ ನೆನಪಿಗೆ ಒಂದು ತುಂಡು ಫೈಬರಿಗೆ ಗೇರೆಣ್ಣೆಯನ್ನೂ ಹಚ್ಚಿ ಬಿಸಿಲಿಗಿಟ್ಟೆ. ಕಂದು ಕಲೆ ಆಯಿತು, ಇವತ್ತಿಗೂ ಹೋಗಿಲ್ಲ. ಆದರೆ ಮರದ ದೋಣಿಗೆ ಅದರಷ್ಟು ಒಳ್ಳೆಯದನ್ನು ನಾನು ಬೇರೆ ಕಂಡಿಲ್ಲ. ಸಿಲಿಕಾನ್ ಇರುವ ಸ್ಪ್ರೇ ಪಾಲಿಶ್ ಮಾತ್ರ ಬೋಟಿನ ಹತ್ತಿರ ತರಲೇಬೇಡಿ. ಮುಂದೆ ಅಲ್ಲಿ ಜೆಲ್‌ಕೋಟ್ ತುಂಬಿದರೆ ಹಿಡಿಯದೆ ಮೀನಿನ ಕಣ್ಣಿನ ಹಾಗೆ ಬಿಟ್ಟುಕೊಳ್ಳುತ್ತದೆ.

ಕೊನೆಯ ದಿನ ಎರಡು ಬಗೆಯ ಕಾಂಪೌಂಡ್, ದಪ್ಪದ್ದು ಆಮೇಲೆ ನಯದ್ದು, ಮೇಲೆ ಮೇಣ. ಮೇಣಕ್ಕೆ ಮೊದಲು ಕಾಂಪೌಂಡಿನ ಜಿಡ್ಡು ತೆಗೆಯಲು ನಾನು ಒಂದು ಮನೆ ವಸ್ತುವಿನಿಂದ ಒರೆಸುತ್ತೇನೆ. ಮೇಣ ಜಾಸ್ತಿ ದಿನ ನಿಲ್ಲುವುದು ಅದರಿಂದಲೇ ಅಂತ ನನಗೆ ಅನ್ನಿಸುತ್ತದೆ. ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಖರ್ಚು ನೆನಪಿನಿಂದ ಹೇಳುತ್ತೇನೆ. ಜೆಲ್‌ಕೋಟ್ ಮೂರು ಕೆಜಿ 1,300, ಎರಡೇ ಕೆಜಿ ಸಾಕಾಗುತ್ತಿತ್ತು. ರೆಸಿನ್, ಮ್ಯಾಟ್ 900. ಅಸಿಟೋನ್, ಕ್ಯಾಟಲಿಸ್ಟ್, ಪಿಗ್ಮೆಂಟ್ ಸೇರಿ 800. ವಾಟರ್ ಪೇಪರ್ ಎಪ್ಪತ್ತು ಹಾಳೆ, 1,400. ಬಫಿಂಗ್ ಮಷಿನ್ 4,200, ಕಾಂಪೌಂಡ್ ಮತ್ತು ಮೇಣ 1,500. ಹುಡುಗನಿಗೆ ದಿನಕ್ಕೆ 500ರಂತೆ 4,500. ಬೋಟು ಎಳೆಸಿ ಇಳಿಸಿದ್ದಕ್ಕೆ 1,500. ಒಟ್ಟು 16,000 ಚಿಲ್ಲರೆ. ಟ್ರಿಪ್ ಹೋದದ್ದನ್ನು ಸೇರಿಸಿದರೆ 30,000ದ ಹತ್ತಿರ. ಹಾಗಾದರೆ ಪೇಂಟಿಗೂ ಇದಕ್ಕೂ ಏನು ದೊಡ್ಡ ವ್ಯತ್ಯಾಸ ಅಂತ ಒಬ್ಬರು ಕೇಳಿದರು. ಪೇಂಟಿನ 34,000 ಹಾಳೆಯಾಗಿ ಹೊಳೆಗೆ ಹೋಯಿತು. ಇದು ಎರಡು ಮಳೆಗಾಲ ದಾಟಿ ನಿಂತಿದೆ. ತುಂಬಿದ ನಲವತ್ತರಲ್ಲಿ ಎರಡು ಕಡೆ ಮಾತ್ರ ಅಂಚು ಕಾಣುತ್ತದೆ. ಎರಡೂ ನಾನು ಮೂರು ಗಂಟೆಯ ಹತ್ತಿರ ಅವಸರದಲ್ಲಿ ಮಾಡಿದವು. ಮೂರು ತಿಂಗಳಿಗೊಮ್ಮೆ ಒಂದು ಬೆಳಿಗ್ಗೆ ಕೂತು ಮೇಣ ಹಚ್ಚಿದರೆ ಸಾಕು. ಮುಂದಿನ ಸಲ ಮಷಿನ್ ಖರ್ಚೂ ಇಲ್ಲ.

ಫೈಬರ್ ಪುಡಿಯ ತುರಿಕೆಗೆ ಒಂದು ಮಾತು. ಗ್ರೈಂಡರ್ ಹಿಡಿಯುವ ಮೊದಲು ತೋಳಿಗೆ, ಕುತ್ತಿಗೆಗೆ ಪೌಡರ್ ಬಳಿದುಕೊಳ್ಳಿ. ಕೆಲಸ ಮುಗಿದ ಮೇಲೆ ತಣ್ಣೀರು ಸ್ನಾನ. ಮೊದಲ ದಿನ ಬಿಸಿನೀರು ಹೊಯ್ದುಕೊಂಡು ಇಬ್ಬರೂ ರಾತ್ರಿಯಿಡೀ ಕೆರೆದುಕೊಂಡೆವು. ಮೂಗಿಗೆ ಮಾಸ್ಕ್ ಬೇಕೇ ಬೇಕು, ಟವೆಲ್ ಸಾಲದು.

‘ಸೆಪ್ಟೆಂಬರಲ್ಲಿ ಪೇಂಟ್ ಹೊಡಿ’ ಅಂದಿದ್ದರಲ್ಲ, ಅವರಲ್ಲಿ ಒಬ್ಬರ ಬೋಟು ಈಗ ನನ್ನ ಅಂಗಳದಲ್ಲಿದೆ. ಮೊನ್ನೆ ಅವರೇ ಬಂದು, ‘ನಂದೂ ಒಂದು ನೋಡಾ’ ಅಂದರು. ಅವರದು ಹಸಿರು. ಬಿಳಿಯಷ್ಟು ಸುಲಭವಿಲ್ಲ. ಬಿಸಿಲಿಗೆ ಒಂದು ಮಗ್ಗುಲು ನೀಲಿಗೆ ತಿರುಗಿದೆ, ಇನ್ನೊಂದು ಹಾಗೇ ಇದೆ. ಎರಡು ಮಗ್ಗುಲಿಗೆ ಎರಡು ಬಣ್ಣ ಕಲೆಸಬೇಕು. ಐದನೇ ಚೂರು ಎಕ್ಸ್‌ರೇ ಹಾಳೆಯ ಮೇಲೆ ಗಟ್ಟಿಯಾಗುತ್ತಾ ಇದೆ. ಬೆಳಿಗ್ಗೆ ಬಿಸಿಲಿಗೆ ಹಿಡಿದು ನೋಡಬೇಕು.